ಹದಿಮೂರು ಶಾಲೆಗಳ ಊರಿಗೆ ಬಂದ ಪ್ರಯಾಣಿಕ



ನಿಮ್ಮಲ್ಲಿ ಎಷ್ಟು ಮಂದಿಗೆ ಊರೂರು ಸುತ್ತುವ ಆಸೆಯಿದೆ ಎಂದು ಕೇಳಿದರೆ ಗಂಡಸರು ಕೂಡಲೇ ಕೈ ಎತ್ತುತ್ತಾರೆ. ಹೆಂಗಸರು ಮೊದಲು ಅಡುಗೆ ಮನೆಯ ಕಡೆಗೊಮ್ಮೆ ನೋಡುತ್ತಾರೆ. ಅನ್ನ ಬೇಯುತ್ತಿದೆ, ಮಗು ಈಗ ತಾನೇ ಮಲಗಿದೆ, ಅತ್ತೆಯವರಿಗೆ ಮಾತ್ರೆ ಕೊಡುವ ಹೊತ್ತು. ಆಮೇಲೆ ನಿಧಾನಕ್ಕೆ, ಯಾರಿಗೂ ಕಾಣದ ಹಾಗೆ ಅರ್ಧ ಕೈ ಎತ್ತುತ್ತಾರೆ. ನನ್ನದೂ ಅಂಥ ಅರ್ಧ ಕೈಯೇ. ನಮ್ಮ ಅಜ್ಜ ಮಚ್ವೆಯಲ್ಲಿ ಹೆಂಚು ಹೇರಿಕೊಂಡು ಮುಂಬೈ ಬಂದರಿನವರೆಗೆ ಹೋಗಿ ಬರುತ್ತಿದ್ದವರು. ಯಾವ ಬಂದರಿನಲ್ಲಿ ಯಾವ ಮೀನನ್ನು ಹೇಗೆ ಸಾರು ಮಾಡುತ್ತಾರೆ, ಯಾವ ಊರಿನವರು ಅತಿಥಿಗೆ ಮೊದಲು ನೀರು ಕೊಡುತ್ತಾರೆ, ಯಾವ ಊರಿನವರು ಮೊದಲು ಪ್ರಶ್ನೆ ಕೇಳುತ್ತಾರೆ ಎಂದೆಲ್ಲ ಅವರು ಹೇಳುವಾಗ ನಾನು ಬಾಯಿ ಬಿಟ್ಟು ಕೂರುತ್ತಿದ್ದೆ. ಆ ಹುಚ್ಚು ಈ ನಲವತ್ತು ದಾಟಿದ ಮೇಲೂ ಬಿಟ್ಟಿಲ್ಲ.

ಮದ್ರಸದಲ್ಲಿ ಓದುವಾಗ ನಮ್ಮ ಅರಬಿ ಪಾಠದಲ್ಲಿ ಇಬ್ನು ಬತೂತ ಎಂಬ ಹೆಸರು ಬಂತು. ಮೊರಾಕೊ ದೇಶದ ಟಾಂಜಿಯರ್ ಎಂಬ ಊರಿನವರು, 1304ರಲ್ಲಿ ಹುಟ್ಟಿದವರು, ಹಜ್ಜಿಗೆಂದು ಹೊರಟವರು ಜಗತ್ತನ್ನೇ ಸುತ್ತಿದರು ಎಂದಷ್ಟೇ ಅಲ್ಲಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತೆ. ಎಷ್ಟೋ ವರ್ಷಗಳ ನಂತರ ಮದುವೆಯಾಗಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬಿ.ಎ. ಇತಿಹಾಸ ಓದುವಾಗ ಅದೇ ಹೆಸರು ಮತ್ತೆ ಸಿಕ್ಕಿತು. ಜೊತೆಗೆ ಇನ್ನೊಂದು ಹೆಸರು: ಹಿನೌರ್. ಅದು ಯಾವ ದೇಶವೋ ಎಂದುಕೊಂಡು ಓದುತ್ತಾ ಹೋದರೆ, ಅದು ನಮ್ಮ ಹೊನ್ನಾವರ! ಭಟ್ಕಳದಿಂದ ಬಸ್ಸು ಹತ್ತಿದರೆ ಸುಮಾರು 40 ಕಿಲೋಮೀಟರ್. ನಾನು ಜಗತ್ತು ನೋಡಬೇಕೆಂದು ಹಂಬಲಿಸುತ್ತಿದ್ದಾಗ, ಜಗತ್ತು ನೋಡಿದ ಮನುಷ್ಯ ನಮ್ಮ ಮನೆಯ ಪಕ್ಕಕ್ಕೇ ಬಂದು ಹೋಗಿದ್ದ.

1325ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ ಇಬ್ನು ಬತೂತ ಒಬ್ಬಂಟಿಯಾಗಿ ಊರು ಬಿಟ್ಟವರು. ಜೊತೆಗಾರರಿಲ್ಲ, ಕಾಫಿಲಾ ಇಲ್ಲ. ಆಫ್ರಿಕಾದ ಪೂರ್ವ ಕರಾವಳಿ, ತುರ್ಕಿ, ಮಧ್ಯ ಏಷ್ಯಾ ಎಲ್ಲ ದಾಟಿ 1333ರಲ್ಲಿ ಸಿಂಧೂ ನದಿಯ ದಡ ಮುಟ್ಟಿದರು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಖಾಝಿಯಾದರು. ಆ ಸುಲ್ತಾನ ಅವರನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದ. ಹಾಗೆ ಹೊರಟವರು 1342ರ ಸುಮಾರಿಗೆ ನಮ್ಮ ಕರಾವಳಿಗೆ ಬಂದು ಶರಾವತಿಯ ಅಳಿವೆಯ ಆ ಪುಟ್ಟ ಬಂದರಿನಲ್ಲಿ ಇಳಿದರು.

ಹೊನ್ನಾವರವನ್ನು ಆಗ ಆಳುತ್ತಿದ್ದವನು ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್. ಹಡಗುಪಡೆಯ ಬಲದಿಂದ ಹೆಸರಾಗಿದ್ದವನು. ಅವನ ಮೇಲೊಬ್ಬ ಅರಸನಿದ್ದ, ಹೆಸರು ಹರ್ಯಬ್ ಎಂದು ಇಬ್ನು ಬತೂತ ಬರೆಯುತ್ತಾರೆ. ವಿಜಯನಗರದ ಹರಿಹರನೇ ಈ ಹರ್ಯಬ್ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಊರಿನವರು ಶಾಫಿಈ ಮದ್ಹಬಿನವರು, ಬೇಸಾಯವಿಲ್ಲ, ಕಡಲ ವ್ಯಾಪಾರವೇ ಜೀವನ. ಇಲ್ಲಿಯವರೆಗೆ ಇದು ಯಾವ ಬಂದರಿನ ವರ್ಣನೆಯೂ ಆಗಬಹುದಿತ್ತು. ಮುಂದೆ ಅವರು ಹೇಳುವ ಮಾತೇ ಬೇರೆ. ಇಲ್ಲಿಯ ಹೆಂಗಸರಿಗೆಲ್ಲ ಕುರ್‌ಆನ್ ಕಂಠಪಾಠವಿದೆಯಂತೆ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು. ಇಂಥದ್ದನ್ನು ತಾನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾರೆ. ಇದನ್ನು ಬರೆದವರು ಕೈರೋ, ದಮಾಸ್ಕಸ್, ಮಕ್ಕಾ, ದೆಹಲಿ ಎಲ್ಲವನ್ನೂ ಕಂಡು ಬಂದವರು ಎಂಬುದನ್ನು ನೆನಪಿಡಿ.

ಅವರು ಶಾಲೆಗಳ ಲೆಕ್ಕ ಇಟ್ಟದ್ದು ನನಗೆ ಬಹಳ ಇಷ್ಟ. ಇಂದಿನ ಪ್ರವಾಸಿಗಳು ಹೊಸ ಊರಿನಲ್ಲಿ ಮೊದಲು ಹುಡುಕುವುದು ಫೋಟೋ ತೆಗೆಯುವ ಜಾಗವನ್ನು. ಇವರು ಊರಿನ ಗಲ್ಲಿಗಳಲ್ಲಿ ಮಕ್ಕಳ ದನಿ ಕೇಳಿದಲ್ಲೆಲ್ಲ ನಿಂತಿರಬೇಕು. ಇಲ್ಲವಾದರೆ 13, 23 ಎಂಬ ಲೆಕ್ಕ ಎಲ್ಲಿಂದ ಬರಬೇಕು?

ಇನ್ನು ಊಟದ ವಿಷಯ. ಸಹೋದರಿಯರೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸುಲ್ತಾನನ ಮನೆಯಲ್ಲಿ ರೇಷ್ಮೆ ಉಟ್ಟ ದಾಸಿಯೊಬ್ಬಳು ದೊಡ್ಡ ಸೌಟಿನಲ್ಲಿ ಅನ್ನ ಬಡಿಸುತ್ತಾಳೆ. ಮೇಲೆ ತುಪ್ಪ. ಪಕ್ಕದಲ್ಲಿ ಗೊಂಚಲು ಗೊಂಚಲಾದ ಹಸಿ ಕರಿಮೆಣಸಿನ ಉಪ್ಪಿನಕಾಯಿ, ಹಸಿಶುಂಠಿ, ಲಿಂಬೆ, ಮಾವಿನಕಾಯಿಯ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಸ್ವಲ್ಪ ಉಪ್ಪಿನಕಾಯಿ. ಅದು ಮುಗಿದ ಮೇಲೆ ಮತ್ತೆ ಅನ್ನ, ಕೋಳಿ. ಆಮೇಲೆ ಮತ್ತೆ ಅನ್ನ, ಬಗೆಬಗೆಯ ಮೀನು. ನಂತರ ತುಪ್ಪ, ಹಾಲು ಹಾಕಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲವೆಂದು. ಮೊದಲ ಸಲ ಓದಿದಾಗ ನನಗೆ ನಗು ಬಂತು. ಮಳೆಗಾಲದಲ್ಲಿ ನಮ್ಮ ಖಾಲಾ ಇಂದಿಗೂ ತಣ್ಣೀರಿನ ಲೋಟವನ್ನು ಕೈಯಿಂದ ಕಿತ್ತುಕೊಳ್ಳುತ್ತಾರೆ.

ಆ ಸುಲ್ತಾನನ ಬಳಿ ತಾನು 11 ತಿಂಗಳು ರೊಟ್ಟಿಯನ್ನೇ ತಿನ್ನದೆ ಇದ್ದೆ ಎಂದು ಇಬ್ನು ಬತೂತ ಬರೆದಿದ್ದಾರೆ. ಗೋಧಿ ರೊಟ್ಟಿ ತಿಂದು ಬೆಳೆದ ಮನುಷ್ಯ. ಮುಂದೆ ಮಾಲ್ದೀವ್, ಸಿಲೋನ್ ಎಲ್ಲ ಸೇರಿ ಅನ್ನದ ಮೇಲೆಯೇ ಮೂರು ವರ್ಷ ಕಳೆದು, ಕೊನೆಗೆ ನೀರು ಕುಡಿದರಷ್ಟೇ ಅನ್ನ ಗಂಟಲಲ್ಲಿ ಇಳಿಯುವ ಸ್ಥಿತಿ ಬಂತಂತೆ. ಆದರೂ ಉಂಡರು. ನನ್ನ ಮಟ್ಟಿಗೆ ಪ್ರಯಾಣ ಎಂದರೆ ಇದೇ.

ಇಲ್ಲೊಂದು ಕಹಿ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕರಾವಳಿಯ ಗಂಡಸರು ವಿದೇಶದಲ್ಲಿ ಕಳೆದಷ್ಟು ವರ್ಷಗಳನ್ನು ಬೇರೆ ಯಾರೂ ಕಳೆದಿರಲಿಕ್ಕಿಲ್ಲ. ಮೂವತ್ತು ವರ್ಷ ದುಬೈಯಲ್ಲಿದ್ದು ಬಂದ ಹತ್ತಿರದ ಬಂಧುವೊಬ್ಬರನ್ನು ನಾನು ಕೇಳಿದೆ: "ಅರಬರ ಮನೆಯ ಊಟ ಹೇಗಿರುತ್ತದೆ?" ಅವರು ಒಂದು ಕ್ಷಣ ಯೋಚಿಸಿ, "ಅವರ ಮನೆಗೆ ಹೋದವರು ಯಾರು?" ಎಂದರು. ರೂಮು, ಅಂಗಡಿ, ಊರಿನವರ ಮೆಸ್ಸು, ಮತ್ತೆ ರೂಮು. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಮನೆ ಕಟ್ಟಬೇಕಿತ್ತು, ತಂಗಿಯರ ಮದುವೆ ಮಾಡಬೇಕಿತ್ತು, ಆ ರೂಮಿನ ಬಂಕ್ ಮಂಚದ ಮೇಲೆ ಅವರ ಯೌವನವೇ ಸವೆದು ಹೋಯಿತು. ಆದರೆ ಬಿಡುವೂ ದುಡ್ಡೂ ಇದ್ದವರ ವಿಷಯವೇನು? ಮಲೇಷ್ಯಾಕ್ಕೆ ಪ್ಯಾಕೇಜಿನಲ್ಲಿ ಹೋಗಿ, ಬಸ್ಸಿನಿಂದ ಇಳಿದು ಹತ್ತಿ, ಮೂರು ಹೊತ್ತೂ ಊರಿನ ಅಡುಗೆಯವನು ಮಾಡಿದ ಬಿರಿಯಾನಿ ತಿಂದು ಬರುವುದನ್ನು ಏನೆಂದು ಕರೆಯೋಣ?

ಇದಕ್ಕೆ ಎದುರಾಗಿ ಒಂದು ಚಿತ್ರ ನನ್ನ ಕಣ್ಣಲ್ಲಿದೆ. ಕೆಲವು ವರ್ಷಗಳ ಹಿಂದೆ ಕುಮಟಾಕ್ಕೆ ಹೋಗಿದ್ದೆ. ಮೀನು ಮಾರುವ ಹೆಂಗಸರ ಸಾಲಿನಲ್ಲಿ ಒಬ್ಬ ಬಿಳಿ ಕೂದಲಿನ ವಿದೇಶಿ ಮಹಿಳೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಗೋಕರ್ಣಕ್ಕೆ ಬಂದವರಿರಬೇಕು. ಗೋಕರ್ಣಕ್ಕೆ ಬರುವ ಎಷ್ಟೋ ವಿದೇಶಿಯರು ಕಡಲ ದಂಡೆ ಬಿಟ್ಟು ಕದಲುವುದಿಲ್ಲ, ನಮ್ಮ ಊಟದ ರುಚಿಯನ್ನೂ ನೋಡುವುದಿಲ್ಲ. ಇವರು ಮಾತ್ರ ಬುಟ್ಟಿಯ ಒಂದೊಂದು ಮೀನಿಗೂ ಬೆರಳು ತೋರಿಸಿ ಹೆಸರು ಕೇಳುತ್ತಿದ್ದರು. ಬಂಗಡೆ. ತಾರ್ಲೆ. ಶೆಟ್ಲಿ. ತಪ್ಪಾಗಿ ಹೇಳಿದಾಗ ಆ ಹೆಂಗಸರು ಬಿದ್ದು ಬಿದ್ದು ನಕ್ಕು ತಿದ್ದುತ್ತಿದ್ದರು. ಚಿಕ್ಕ ಪುಸ್ತಕದಲ್ಲಿ ಅವರು ಬರೆದುಕೊಳ್ಳುತ್ತಿದ್ದರು. ನಾನು ಅಂದು ಎರಡು ಬಸ್ಸು ಬಿಟ್ಟು ನೋಡುತ್ತಾ ನಿಂತೆ.

ಇಬ್ನು ಬತೂತರ ನಂತರ ಸುಮಾರು 280 ವರ್ಷ ಕಳೆದು, 1623ರಲ್ಲಿ, ಇಂಥದೇ ಸ್ವಭಾವದ ಇನ್ನೊಬ್ಬರು ಹೊನ್ನಾವರಕ್ಕೆ ಬಂದರು. ರೋಮ್ ನಗರದ ಪಿಯೆತ್ರೊ ದೆಲ್ಲಾ ವಲ್ಲೆ. ವ್ಯಾಪಾರಿಯಲ್ಲ, ಸೈನಿಕನಲ್ಲ, ಪಾದ್ರಿಯೂ ಅಲ್ಲ. ನೋಡಬೇಕು, ತಿಳಿಯಬೇಕು ಎಂದು ಸ್ವಂತ ಖರ್ಚಿನಲ್ಲಿ ಹೊರಟವರು. ತುರ್ಕಿ, ಫಾರ್ಸಿ ಭಾಷೆಗಳನ್ನು ಕಲಿತಿದ್ದರು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋದರು. ಶರಾವತಿಯ ಆ ಪಯಣವನ್ನು ಅವರು ಬಾಯ್ತುಂಬ ಹೊಗಳಿದ್ದಾರೆ. ಘಟ್ಟ ಹತ್ತಿದ ಮೇಲೆ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತಾ, ರಾಗವಾಗಿ ಹಾಡುತ್ತಾ ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಎದುರಿಗಿರಲಿಲ್ಲ. ಒಬ್ಬರಿಗೊಬ್ಬರು ಕೇಳಿ ತಿದ್ದಿಕೊಳ್ಳುತ್ತೇವೆ ಎಂದು ಹುಡುಗರು ಹೇಳಿದರಂತೆ. ಇದನ್ನು ಓದಿದ ಮೇಲೆ ನನ್ನ ತರಗತಿಯಲ್ಲಿ ಮಗ್ಗಿಯನ್ನು ರಾಗ ಹಾಕಿ ಹೇಳಿಸುವುದನ್ನು ಮತ್ತೆ ಶುರು ಮಾಡಿದ್ದೇನೆ. ನೋಡಿ, ಒಳ್ಳೆಯ ಪ್ರಯಾಣಿಕರು ಬಂದಾಗ ಶಾಲೆ ನೋಡುತ್ತಾರೆ ಎಂಬ ನನ್ನ ಮಾತು ಸುಳ್ಳಲ್ಲ.

ಅವರ ಪತ್ನಿ ಮಾನಿ, ಬಗ್ದಾದಿನಲ್ಲಿ ಮದುವೆಯಾದ ಅರಬಿ ಮಾತನಾಡುವ ಕ್ರೈಸ್ತ ಹೆಣ್ಣುಮಗಳು. ಗಂಡನ ಜೊತೆ ಪರ್ಶಿಯಾ ಸುತ್ತಿದವರು. ದಾರಿಯಲ್ಲೇ ಜ್ವರದಿಂದ ತೀರಿಕೊಂಡರು. ಆ ಮನುಷ್ಯ ಹೆಂಡತಿಯ ಶರೀರವನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಜೋಪಾನ ಮಾಡಿ ರೋಮಿಗೆ ಒಯ್ದು ಮಣ್ಣು ಮಾಡಿದರು. ನಮ್ಮ ರೀತಿ ಅದಲ್ಲ, ಸರಿ. ಆದರೂ ಓದುವಾಗ ಕಣ್ಣು ತುಂಬುತ್ತದೆ.

ಇಬ್ನು ಬತೂತರ ವಿಷಯದಲ್ಲಿ ಹಾಗೆ ಹೇಳಲಾರೆ. ಅವರನ್ನು ಹೊಗಳುವವರು ಸಾಮಾನ್ಯವಾಗಿ ಮುಚ್ಚಿಡುವ ಪುಟಗಳಿವೆ. ದಮಾಸ್ಕಸ್‌ನಲ್ಲಿ ಮದುವೆಯಾದರು, ಹೆಂಡತಿ ಗರ್ಭಿಣಿಯಾಗಿದ್ದಾಗ ಬಿಟ್ಟು ಹೊರಟರು. ಭಾರತದಲ್ಲಿದ್ದಾಗ ಗಂಡು ಮಗುವಾದ ಸುದ್ದಿ ತಿಳಿದು ಮಗುವಿನ ಅಜ್ಜನಿಗೆ 40 ಚಿನ್ನದ ದೀನಾರ್ ಕಳುಹಿಸಿದರು. 1348ರಲ್ಲಿ ದಮಾಸ್ಕಸ್‌ಗೆ ಹಿಂತಿರುಗಿ ಮಗನನ್ನು ವಿಚಾರಿಸಿದಾಗ, ಅವನು ತೀರಿಕೊಂಡು ಹನ್ನೆರಡು ವರ್ಷಗಳಾದವು ಎಂಬ ಉತ್ತರ ಸಿಕ್ಕಿತು. ತಂದೆ ತೀರಿಕೊಂಡು ಹದಿನೈದು ವರ್ಷವಾಗಿತ್ತೆಂಬುದೂ ಅಲ್ಲಿಯೇ ತಿಳಿದದ್ದು. ಮರುವರ್ಷ ಸ್ವದೇಶ ತಲುಪುವಷ್ಟರಲ್ಲಿ ತಾಯಿ ಪ್ಲೇಗಿಗೆ ಬಲಿಯಾಗಿದ್ದರು. ಮಾಲ್ದೀವ್‌ನಲ್ಲಿ ಹಲವು ಮದುವೆ, ಹಲವು ತಲಾಖ್. ದಾಸಿಯರನ್ನು ಕೊಳ್ಳುತ್ತಿದ್ದರು, ಕಾಣಿಕೆಯಾಗಿ ಪಡೆಯುತ್ತಿದ್ದರು. ಅದು ಆ ಕಾಲ ಎನ್ನುತ್ತೀರಿ. ಇರಲಿ. ಆದರೆ ದಮಾಸ್ಕಸ್‌ನ ಆ ತಾಯಿ ತನ್ನ ಮಗುವಿಗೆ "ಅಬ್ಬಾ ಎಲ್ಲಿದ್ದಾರೆ?" ಎಂಬ ಪ್ರಶ್ನೆಗೆ ಏನು ಉತ್ತರ ಕೊಟ್ಟಿರಬಹುದು? ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರಿಗೆ ಆ ಉತ್ತರ ನನಗಿಂತ ಚೆನ್ನಾಗಿ ಗೊತ್ತು.

ಸಾಧ್ಯವಾದಷ್ಟು ಒಮ್ಮೆ ನಡೆದ ದಾರಿಯಲ್ಲಿ ಮತ್ತೆ ನಡೆಯಬಾರದೆಂಬುದು ಇಬ್ನು ಬತೂತರ ನಿಯಮವಾಗಿತ್ತು. ಹೊನ್ನಾವರದ ವಿಷಯದಲ್ಲಿ ಆ ನಿಯಮ ಮುರಿಯಿತು. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕು ಚೀನಾಕ್ಕೆ ಹೋಗುವ ಹಡಗುಗಳು ನಾಶವಾದಾಗ, ದೆಹಲಿಗೆ ಮರಳಲು ಹೆದರಿ ಅವರು ತಿರುಗಿ ಬಂದದ್ದು ಇಲ್ಲಿಗೇ. ಮೂರು ತಿಂಗಳ ಕಾಲ ಇಲ್ಲಿಯ ಮಸೀದಿಯಲ್ಲಿ ಕೂತು ದಿನಕ್ಕೊಂದು ಖತಮ್, ಆಮೇಲೆ ದಿನಕ್ಕೆರಡು ಖತಮ್ ಮಾಡಿದರು. ಜಗತ್ತು ಸುತ್ತಿದವರಿಗೆ ದಿಕ್ಕೇ ತೋಚದಾಗ ನಮ್ಮ ಹೊನ್ನಾವರ ಆಸರೆಯಾಯಿತು. ಇನ್ನೂ ಮುಂದೆ, ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಒಂದು ಪುಟ್ಟ ದ್ವೀಪದ ಬಳಿ ಕಡಲ್ಗಳ್ಳರು ಮುತ್ತಿ, ಉಟ್ಟ ಇಜಾರೊಂದನ್ನು ಬಿಟ್ಟು ಎಲ್ಲವನ್ನೂ ದೋಚಿದರು. ಆ ದ್ವೀಪ ನಮ್ಮ ನೇತ್ರಾಣಿಯೇ ಇರಬೇಕೆಂದು ನನಗೆ ಅನಿಸುತ್ತದೆ. ಇಷ್ಟೆಲ್ಲ ಕಳೆದುಕೊಂಡವರು ಊರಿಗೆ ಮರಳಿದ ಮೇಲೆ ಹೆಚ್ಚಾಗಿ ನೆನಪಿನಿಂದಲೇ ಹೇಳಿ ಬರೆಸಿದ ಪುಸ್ತಕ 'ರಿಹ್ಲಾ'. ಅದರಲ್ಲಿ ಕೆಲವು ಊರುಗಳಿಗೆ ಅವರು ಹೋಗಿದ್ದೇ ಸಂಶಯ ಎನ್ನುವ ವಿದ್ವಾಂಸರೂ ಇದ್ದಾರೆ. ಹೊನ್ನಾವರದ ವಿಷಯದಲ್ಲಿ ನನಗೆ ಸಂಶಯವಿಲ್ಲ. ಕರಿಮೆಣಸಿನ ಗೊಂಚಲಿನ ಉಪ್ಪಿನಕಾಯಿಯನ್ನು ತಿನ್ನದೆ ಯಾರೂ ಹಾಗೆ ಬರೆಯಲಾರರು.

ಇದನ್ನೆಲ್ಲ ಒಮ್ಮೆ ಒಂಬತ್ತನೇ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬಳು, ಹೆಚ್ಚು ಮಾತನಾಡದವಳು, ಎದ್ದು ನಿಂತು ಕೇಳಿದಳು:

"ಆಪಾ, ಆ ಹದಿಮೂರು ಶಾಲೆಯ ಹುಡುಗಿಯರಲ್ಲಿ ಯಾರಾದರೂ ಟಾಂಜಿಯರಿಗೆ ಹೋಗಿದ್ದಾರಾ?"

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವರಲ್ಲಿ ಒಬ್ಬಳ ಹೆಸರೂ ಆ ಪುಸ್ತಕದಲ್ಲಿಲ್ಲ. ಮೂಗಿನಲ್ಲಿ ಚಿನ್ನದ ನತ್ತು, ಹೊಲಿಯದ ಬಟ್ಟೆಯ ಒಂದು ತುದಿ ಸೊಂಟಕ್ಕೆ, ಇನ್ನೊಂದು ತುದಿ ಎದೆ, ತಲೆಯ ಮೇಲೆ ಎಂಬಷ್ಟು ಮಾತ್ರ ಇದೆ. ಮರುದಿನ ಸಿದ್ಧಳಾಗಿ ಹೋಗಿ ಬಾಬರನ ಮಗಳು ಗುಲ್ಬದನ್ ಬೇಗಮ್‌ರ ಕಥೆ ಹೇಳಿದೆ. 1575ರಲ್ಲಿ ಅಕ್ಬರನ ಅಂತಃಪುರದ ಹೆಂಗಸರ ತಂಡವನ್ನು ಕಟ್ಟಿಕೊಂಡು ಫತೇಪುರ್ ಸಿಕ್ರಿಯಿಂದ ಹಜ್ಜಿಗೆ ಹೊರಟು, 1582ರಲ್ಲಿ ಹಿಂತಿರುಗಿದವರು. ಹುಡುಗಿ ಕೇಳಿಸಿಕೊಂಡು, "ಅವರು ಬಾದಶಾಹರ ಮನೆಯವರು, ಆಪಾ" ಎಂದಳು. ಅಷ್ಟೇ. ಕೂತುಬಿಟ್ಟಳು.

ಆಗ ನನಗೆ ನೆನಪಾದದ್ದು ನನ್ನ ಖಾಲಾ.

ಖಾಲಾ ಓದಿದ್ದು ಏಳನೇ ತರಗತಿಯವರೆಗೆ. ಗಂಡ 28 ವರ್ಷ ಸೌದಿಯಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. "ನಾನು ನೋಡಿದ್ದು ಎರಡೇ ಊರು. ತವರು ಒಂದು, ಗಂಡನ ಮನೆ ಒಂದು. ಅವೆರಡೂ ಒಂದೇ ರಸ್ತೆಯಲ್ಲಿವೆ" ಎಂದು ತಮಾಷೆ ಮಾಡುತ್ತಿದ್ದರು. ರಜೆಯಲ್ಲಿ ಬಂದಾಗಲೆಲ್ಲ ಗಂಡ, ನಿವೃತ್ತಿಯಾದ ಮೇಲೆ ಇಬ್ಬರೂ ಹಜ್ಜಿಗೆ ಹೋಗೋಣ ಎನ್ನುತ್ತಿದ್ದರು. ಊರಿಗೆ ಬಂದ ವರ್ಷವೇ ಅವರು ತೀರಿಕೊಂಡರು. ಗಂಡು ಮಕ್ಕಳಿಲ್ಲ. ಮಹ್ರಮ್ ಆಗಬಹುದಾದವರೆಲ್ಲ ಗಲ್ಫಿನಲ್ಲಿ, ಯಾರಿಗೂ ರಜೆ ಹೊಂದುವುದಿಲ್ಲ. ಆಸೆಯನ್ನು ಮಡಚಿ ಕಪಾಟಿನಲ್ಲಿಟ್ಟ ಹಾಗೆ ಇದ್ದರು.

2018ರ ಹಜ್ಜಿನಿಂದ ನಮ್ಮ ದೇಶದಲ್ಲಿ, 45 ವರ್ಷ ದಾಟಿದ ಮಹಿಳೆಯರು, ಅವರ ಮದ್ಹಬ್ ಒಪ್ಪುವುದಾದರೆ, ಕನಿಷ್ಠ ನಾಲ್ವರ ಗುಂಪಿನಲ್ಲಿ ಮಹ್ರಮ್ ಇಲ್ಲದೆಯೂ ಅರ್ಜಿ ಹಾಕಬಹುದು ಎಂದಾಯಿತು. ಮನೆಯಲ್ಲಿ ಚರ್ಚೆ ಎದ್ದಿತು. ಜನ ಏನೆಂದಾರು ಎಂದರು ಕೆಲವರು. ಕಡ್ಡಾಯ ಹಜ್ಜಿಗೆ ವಿಶ್ವಾಸಾರ್ಹ ಮಹಿಳೆಯರ ತಂಡದೊಂದಿಗೆ ಹೆಣ್ಣು ಹೋಗಬಹುದೆಂಬ ಅಭಿಪ್ರಾಯ ಶಾಫಿಈ ಗ್ರಂಥಗಳಲ್ಲಿ ಶತಮಾನಗಳಿಂದ ಇದೆ. ನಾನು ಅದನ್ನು ಮದ್ರಸದಲ್ಲೇ ಓದಿದ್ದೆ. ಇತರ ಪ್ರಯಾಣಗಳ ವಿಷಯ ಬೇರೆ, ಅದರಲ್ಲಿ ವಿದ್ವಾಂಸರ ನಡುವೆ ಮಾತಿದೆ. ನಾನು ಕಿತಾಬಿನ ಪುಟ ತೆರೆದು ಹಿರಿಯರ ಮುಂದಿಟ್ಟೆ. ಅವರು ಆಲಿಮರನ್ನು ಕೇಳಿದರು, ಒಪ್ಪಿದರು. ನೆರೆಕೆರೆಯ ಮೂವರು ವಿಧವೆಯರು ಜೊತೆಯಾದರು. ನಾಲ್ವರೂ ಹೋಗಿ ಬಂದರು, ಅಲ್ಹಮ್ದುಲಿಲ್ಲಾಹ್.

ಖಾಲಾ ಹಿಂತಿರುಗಿದಾಗ ಎಲ್ಲರೂ ಝಮ್‌ಝಮ್, ಖರ್ಜೂರ ಕೇಳಿದರು. ನಾನು "ಏನೇನು ನೋಡಿದಿರಿ?" ಎಂದೆ. ಅವರು ಹೇಳಿದ್ದು ಒಬ್ಬ ಇಂಡೋನೇಷ್ಯಾದ ಹೆಂಗಸಿನ ಬಗ್ಗೆ. ಹರಮಿನಲ್ಲಿ ಪಕ್ಕದಲ್ಲಿ ಕೂತವರು, ಸುಮಾತ್ರಾ ಕಡೆಯವರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಸೂರಾಗಳ ಹೆಸರು, ಅನ್ನ ಎಂಬುದಕ್ಕೆ ಕೈಸನ್ನೆ, ಮಕ್ಕಳೆಷ್ಟು ಎಂಬುದಕ್ಕೆ ಬೆರಳು, ಇಷ್ಟರಲ್ಲೇ ಹನ್ನೆರಡು ದಿನ ಮಾತನಾಡಿದ್ದಾರೆ! ಅವರೂ ಮೂರು ಹೊತ್ತು ಅನ್ನ ಉಣ್ಣುವವರು. ಖಾಲಾ ತಮ್ಮ ಪೆಟ್ಟಿಗೆಯ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟರು, ಅವರು ಸಂಬಲ್ ಎಂಬ ಕೆಂಪು ಮೆಣಸಿನ ಚಟ್ನಿ ಕೊಟ್ಟರು. "ನಮ್ಮ ಹಾಗೇ ಕೈ ಕಟ್ಟುತ್ತಾರೆ, ನಮ್ಮ ಹಾಗೇ ಸುಬಹ್‌ನಲ್ಲಿ ಕುನೂತ್ ಓದುತ್ತಾರಂತೆ" ಎಂದು ಖಾಲಾ ಬೆರಗಿನಿಂದ ಹೇಳಿದರು. ಅವರೂ ಶಾಫಿಈಗಳು ಎಂದೆ. ಇಬ್ನು ಬತೂತ 1345ರ ಸುಮಾರಿಗೆ ಸುಮಾತ್ರಾ ತಲುಪಿದಾಗ ಅಲ್ಲಿಯ ಸುಲ್ತಾನನೂ ಶಾಫಿಈ ಎಂದು ಬರೆದಿದ್ದಾರೆ. ಅವರು ಹೊನ್ನಾವರದ ಅನ್ನ ಉಂಡು ಹೋಗಿ ಸುಮಾತ್ರಾ ಮುಟ್ಟಿದರು. ನಮ್ಮ ಖಾಲಾ ಸುಮಾತ್ರಾವನ್ನು ಮಕ್ಕಾದಲ್ಲೇ ಹಿಡಿದರು.

ಈಗಲೂ ಇಬ್ಬರೂ ಫೋನಿನಲ್ಲಿ ಮುಖ ನೋಡಿ ಮಾತನಾಡುತ್ತಾರೆ. ಮಾತು ಎನ್ನುವುದು ಹೆಸರಿಗೆ ಮಾತ್ರ. ಇವರು ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಾರೆ, ಅವರೂ ತೋರಿಸುತ್ತಾರೆ. ಖಾಲಾಗೆ ಆರು ಇಂಡೋನೇಷ್ಯಾ ಪದಗಳು ಬರುತ್ತವೆ. ನನ್ನ ಅಟ್ಲಾಸ್ ತರಿಸಿಕೊಂಡು ಭಟ್ಕಳದಿಂದ ಸುಮಾತ್ರಾಕ್ಕೆ ಹೆಬ್ಬೆರಳಿನಲ್ಲಿ ಅಳೆದು "ಇಷ್ಟೇನಾ?" ಎಂದು ಕೇಳಿದರು.

ಮೊನ್ನೆ ಖಾಲಾರನ್ನು ತರಗತಿಗೆ ಕರೆದೊಯ್ದೆ. ಹಿಂದಿನ ಬೆಂಚಿನ ಆ ಹುಡುಗಿ ಮುಂದಿನ ಬೆಂಚಿಗೆ ಬಂದು ಕೂತಳು. ಹೆದರಿಕೆಯಾಗಲಿಲ್ಲವೇ, ದಾರಿ ತಪ್ಪಲಿಲ್ಲವೇ ಎಂದೆಲ್ಲ ಕೇಳಿದಳು. ದಾರಿ ಎರಡು ಸಲ ತಪ್ಪಿತಂತೆ. ಎರಡು ಸಲವೂ ಯಾರೋ ಹೆಂಗಸರು ಕೈ ಹಿಡಿದು ಬಿಟ್ಟುಹೋದರಂತೆ. ಯಾವ ದೇಶದವರೋ ಗೊತ್ತಿಲ್ಲ.

ಬರುವ ಭಾನುವಾರ ಖಾಲಾ, ನಾನು, ಆ ಹುಡುಗಿ, ಅವಳ ತಾಯಿ ನಾಲ್ವರೂ ಭಟ್ಕಳದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಕುಮಟಾಕ್ಕೆ ಹೋಗುವವರಿದ್ದೇವೆ, ಇನ್ಶಾ ಅಲ್ಲಾಹ್. ಅಲ್ಲಿಂದ ಬಸ್ಸಿನಲ್ಲಿ ಮಿರ್ಜಾನ್ ಕೋಟೆ, ಬರುವಾಗ ಹೊನ್ನಾವರದಲ್ಲಿಳಿದು ಶರಾವತಿಯ ದಡ. ಹುಡುಗಿಯ ತಾಯಿಗೆ ಇದು ಮೊದಲ ರೈಲು ಪ್ರಯಾಣ. ಖಾಲಾ ಆಗಲೇ ಒಂದು ಬಾಟಲಿ ಅಪ್ಪೆಮಿಡಿ ತೆಗೆದು ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದಾರೆ. ಕುಮಟಾದಲ್ಲಿ ನಮಗೆ ಯಾರೂ ಪರಿಚಯದವರಿಲ್ಲ, ಇದು ಯಾರಿಗೆ ಎಂದು ಕೇಳಿದೆ.

"ಯಾರಾದರೂ ಸಿಗುತ್ತಾರೆ" ಎಂದರು.